ಕ್ಲೆರ್ಕ್ ಬಗ್ಗೆ ಬರೆಯುವ ಮುನ್ನ ಜೇಡದ ಕಣ್ಣು ಎಣಿಸು

ಪ್ರೀತಿಯ ತಂಗಿಗೆ, ಆಶೀರ್ವಾದಗಳು.

ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಜೇಡಗಳನ್ನು ವಿವರಿಸಿದ ಕಾರ್ಲ್ ಅಲೆಕ್ಸಾಂಡರ್ ಕ್ಲೆರ್ಕ್ ಕುರಿತು ನೀನು ಕಳಿಸಿದ ಲೇಖನ ಓದಿದೆ. ಒಳ್ಳೆಯ ವಸ್ತುವನ್ನೇ ಹಿಡಿದಿದ್ದೀಯ. ಆದರೆ ಮೊದಲ ಪುಟದಲ್ಲೇ 'ಜೇಡವಿಜ್ಞಾನದ ಪಿತಾಮಹ' ಎಂಬ ಬಿರುದು ಮೂರು ಸಲ ಬರುತ್ತದೆ, ಜೇಡ ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಬಿರುದನ್ನು ತೆಗೆದುಬಿಡು. ಇಂಗ್ಲೆಂಡಿನ ವೈದ್ಯ ಮಾರ್ಟಿನ್ ಲಿಸ್ಟರ್ 1678ರಲ್ಲೇ ಜೇಡಗಳ ಮೇಲೆ ಪ್ರಬಂಧ ಪ್ರಕಟಿಸಿದ್ದ. ಹಾಗಾಗಿ 'ಮೊಟ್ಟಮೊದಲಿಗ' ಎನ್ನುವುದೂ ನಿಲ್ಲುವುದಿಲ್ಲ.

ಕ್ಲೆರ್ಕ್ ಸ್ಟಾಕ್‌ಹೋಮಿನಲ್ಲಿ ತೆರಿಗೆ ಇಲಾಖೆಯ ನೌಕರ. 1739ರಲ್ಲಿ, ಜೀವಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಲಿನೇಯಸ್‌ನ ಉಪನ್ಯಾಸ ಕೇಳಿ ಪ್ರಕೃತಿ ಅಧ್ಯಯನದ ಕಡೆ ತಿರುಗಿದ. ಆಗ ವಯಸ್ಸು ಮೂವತ್ತರ ಹತ್ತಿರ. ಬದುಕಿನ ವಿವರಕ್ಕೆ ಇಷ್ಟು ಸಾಕು, ಉಳಿದ ಜಾಗವನ್ನು ಆತನ 'ಸ್ವೆನ್ಸ್ಕಾ ಸ್ಪಿಂಡ್ಲಾರ್' (ಸ್ವೀಡನ್ನಿನ ಜೇಡಗಳು) ಪುಸ್ತಕಕ್ಕೆ ಕೊಡು. ಅರವತ್ತಕ್ಕೂ ಮೇಲ್ಪಟ್ಟ ಜಾತಿಗಳ ವಿವರಣೆ, ಬಣ್ಣ ತುಂಬಿದ ಚಿತ್ರಗಳು. ಚಿಟ್ಟೆಯಂತೆ ಜೇಡವನ್ನು ಸೂಜಿ ಚುಚ್ಚಿ ಒಣಗಿಸಿಡಲು ಆಗುವುದಿಲ್ಲ. ಅದರ ಮೆತ್ತನೆಯ ಹೊಟ್ಟೆ ಸುರುಟಿಕೊಳ್ಳುತ್ತದೆ, ಬಣ್ಣವೂ ಹೋಗುತ್ತದೆ. ಆ ಚಿತ್ರಗಳ ಬೆಲೆ ಇರುವುದು ಅಲ್ಲಿ.

ಇಸವಿಯಲ್ಲಿ ನೀನು ಎಡವಿದ್ದೀಯ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು ಲಿನೇಯಸ್‌ನ 1758ರ ಗ್ರಂಥದಿಂದ, ಕ್ಲೆರ್ಕ್‌ನ ಪುಸ್ತಕ ಬಂದದ್ದು 1757ರಲ್ಲಿ. ಅದಕ್ಕಿಂತ ಹಳೆಯದಾದರೂ ಅಂತರರಾಷ್ಟ್ರೀಯ ನಿಯಮ ಈ ಒಂದು ಪುಸ್ತಕವನ್ನು ಒಳಗೆ ಸೇರಿಸಿಕೊಂಡಿದೆ. ಅದು 1758ರ ಜನವರಿ 1ರಂದು ಪ್ರಕಟವಾಯಿತೆಂದು ಭಾವಿಸಿ, ಲಿನೇಯಸ್ ಇಟ್ಟ ಜೇಡದ ಹೆಸರುಗಳಿಗಿಂತ ಇದರ ಹೆಸರುಗಳಿಗೆ ಆದ್ಯತೆ ಕೊಡುತ್ತದೆ. ಹೆಸರಿನ ಮುಂದೆ ಬರೆಯುವ ಇಸವಿ ಮಾತ್ರ 1757. ನಿನ್ನ ಲೇಖನದ ಜೀವಾಳ ಇದೇ, ನೀನು ಅದನ್ನು ಕೊನೆಯ ಸಾಲಿಗೆ ತಳ್ಳಿದ್ದೀಯ.

ಆವರಣ ಚಿಹ್ನೆಯನ್ನೂ ಗಮನಿಸು. 'ಅರೇನಿಯಸ್ ಡಯಾಡೆಮಾಟಸ್ ಕ್ಲೆರ್ಕ್, 1757' ಎಂಬ ಜೇಡದ ಹೆಸರಿನಲ್ಲಿ ಆವರಣವಿಲ್ಲ, ಏಕೆಂದರೆ ಕುಲ, ಅಂದರೆ ಹೆಸರಿನ ಮೊದಲ ಪದ, ಆತ ಇಟ್ಟದ್ದೇ ಉಳಿದಿದೆ. ನೀರಿನೊಳಗೆ ಗಾಳಿಗುಳ್ಳೆ ಕಟ್ಟಿಕೊಂಡು ಬದುಕುವ ಜೇಡವನ್ನು ಮುಂದೆ ಬೇರೆ ಕುಲಕ್ಕೆ ಸೇರಿಸಿದರು. ಅದು 'ಆರ್ಜಿರೊನೆಟಾ ಅಕ್ವಾಟಿಕಾ (ಕ್ಲೆರ್ಕ್, 1757)' ಆಯಿತು. ಅಚ್ಚಿನಲ್ಲಿ ಅಂದಕ್ಕೆಂದು ಆವರಣ ಸೇರಿಸಿದರೆ ಅರ್ಥವೇ ಕೆಡುತ್ತದೆ.

ಜೇಡವನ್ನು 'ಕೀಟ' ಎಂದಿದ್ದೀಯ. ಲಿನೇಯಸ್ ಅದನ್ನು ಕೀಟಗಳ ಜೊತೆಗೇ ಇಟ್ಟಿದ್ದ ನಿಜ, ಹಾಗೆಂದು ಆತನ ಕಾಲದ ಮಾತಾಗಿ ಹೇಳಬಹುದು. ನಿನ್ನ ಮಾತಾಗಿ ಬೇಡ: ಕಾಲು ಎಂಟು, ದೇಹ ಎರಡೇ ಭಾಗ, ಮೀಸೆಯಿಲ್ಲ. ಫೋಟೋವನ್ನೂ ಬದಲಿಸು. ಡಯಾಡೆಮಾಟಸ್ ಬೆನ್ನ ಮೇಲೆ ಬಿಳಿ ಚುಕ್ಕಿಗಳ ಶಿಲುಬೆ ಹೊತ್ತ ಯುರೋಪಿನ ತೋಟದ ಜೇಡ. ನೀನು ಹಾಕಿರುವುದು ನಮ್ಮ ತೋಟಗಳಲ್ಲಿ ಬಲೆಯ ನಡುವೆ ಬಿಳಿ ಅಂಕುಡೊಂಕು ಪಟ್ಟಿ ನೇಯುವ ಆರ್ಜಿಯೋಪೆ. ಅದರ ಕುಲವೇ ಬೇರೆ.

ಇನ್ನು ಒಂದು ಕೆಲಸ ಮಾಡಲೇಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಕೊಂಡುಕೋ. ಅದನ್ನು ಕಣ್ಣಿಗೆ ಒತ್ತಿ ಹಿಡಿದು, ಪುಟ್ಟ ಗಾಜಿನ ಸೀಸೆಯಲ್ಲಿರುವ ಜೇಡವನ್ನು ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ತಾ. ಕೈ ಚಾಚಿ ಹಿಡಿದರೆ ಏನೂ ಕಾಣದು. ರಾತ್ರಿ ಟಾರ್ಚನ್ನು ಹಣೆಯ ಪಕ್ಕದಲ್ಲಿಟ್ಟು ಹುಲ್ಲಿನ ಮೇಲೆ ಬೆಳಕು ಬಿಟ್ಟರೆ ತೋಳಜೇಡದ ಕಣ್ಣು ಇಬ್ಬನಿ ಹನಿಯಂತೆ ಮಿನುಗುತ್ತದೆ. ಟಾರ್ಚ್ ಸೊಂಟದ ಹತ್ತಿರವಿದ್ದರೆ ಆ ಹೊಳಪು ನಿನ್ನ ಕಣ್ಣಿಗೆ ಮರಳುವುದಿಲ್ಲ. ಹಿಡಿದು ನೋಡು: ಕೆಳಗೆ ಸಾಲಾಗಿ ನಾಲ್ಕು ಸಣ್ಣ ಕಣ್ಣು, ಅವುಗಳ ಮೇಲೆ ಎರಡು ದೊಡ್ಡವು, ಹಿಂದೆ ನೆತ್ತಿಯ ಕಡೆ ಮತ್ತೆರಡು. ಮನೆಗೋಡೆಯ ದೊಡ್ಡ ಜೇಡದಲ್ಲಿ ನಾಲ್ಕು ನಾಲ್ಕರ ಎರಡು ಸಾಲು. ಜೇಡಗಳ ಗುಂಪನ್ನು ಬೇರೆ ಮಾಡಲು ಇಂದಿಗೂ ಮೊದಲು ನೋಡುವುದು ಈ ಜೋಡಣೆಯನ್ನೇ.

ನೋಡಿದ ಮೇಲೆ ಜೇಡವನ್ನು ಹಿಡಿದ ಜಾಗದಲ್ಲೇ ಬಿಡು. ತಿದ್ದಿದ ಪ್ರತಿಯ ಜೊತೆ ನೀನೇ ಬರೆದ ಕಣ್ಣಿನ ಚಿತ್ರವನ್ನೂ ಕಳಿಸು. ಎಂಟು ಚುಕ್ಕಿ ಇಟ್ಟರೆ ಸಾಕು, ಸರಿಯಾದ ಜಾಗದಲ್ಲಿರಲಿ.

ಇಂತಿ,
ನಿನ್ನ ಅಣ್ಣ