ತೀರ್ಪು ತಿದ್ದಬಹುದು, ಗಲ್ಲನ್ನಲ್ಲ

ಮಾನ್ಯರೇ,

ಘೋರ ಕೃತ್ಯವೊಂದು ನಡೆದೊಡನೆ ಶಿವಮೊಗ್ಗದ ಗೋಪಿ ವೃತ್ತದಲ್ಲಿಯೂ ‘ಕೂಡಲೇ ಗಲ್ಲಿಗೇರಿಸಿ’ ಎಂಬ ಕೂಗು ಏಳುತ್ತದೆ. ಆಕ್ರೋಶವೇನೋ ಸಹಜ. ಆದರೆ ನಾಸಿಕ್ ಬಳಿಯ 2003ರ ಕೊಲೆ ಪ್ರಕರಣದಲ್ಲಿ, ಬದುಕುಳಿದ ಪ್ರತ್ಯಕ್ಷದರ್ಶಿ ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದರೂ, ಅಲೆಮಾರಿ ಸಮುದಾಯದ ಆರು ಮಂದಿಗೆ ಗಲ್ಲು ಶಿಕ್ಷೆಯಾಯಿತು. 2009ರಲ್ಲಿ ಅದನ್ನು ಎತ್ತಿಹಿಡಿದಿದ್ದ ಸುಪ್ರೀಂ ಕೋರ್ಟ್, 2019ರಲ್ಲಿ ತನ್ನ ತೀರ್ಪನ್ನೇ ಮರುಪರಿಶೀಲಿಸಿ ಎಲ್ಲರನ್ನೂ ಖುಲಾಸೆಗೊಳಿಸಿ, ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅವರು ಜೀವಂತವಿದ್ದರು, ಅಷ್ಟೇ. ಬ್ರಿಟನ್ನಿನಲ್ಲಿ ತಾನು ಮಾಡದ ಕೊಲೆಗಾಗಿ 1950ರಲ್ಲಿ ನೇಣಿಗೇರಿದ ತಿಮೋತಿ ಇವಾನ್ಸ್‌ಗೆ ಕ್ಷಮಾದಾನ ದೊರೆತದ್ದು 1966ರಲ್ಲಿ! ಮರಣದಂಡನೆ ರದ್ದಾಗುವವರೆಗಾದರೂ, ಅಂಥ ಆರೋಪ ಹೊತ್ತ ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ವಿಚಾರಣೆಯ ಮೊದಲ ದಿನದಿಂದಲೇ ಅನುಭವಿ ವಕೀಲರನ್ನು ಒದಗಿಸಬೇಕು.

– ಓದುಗ, ತೀರ್ಥಹಳ್ಳಿ