ಎಂಎಸ್‌ಕೆ ಮಿಲ್ಲಿನ ನೆನಪು ಉಳಿಸಲು ದೇಣಿಗೆ ಮನವಿ

ಕಲಬುರಗಿಯ ಬಂಧುಗಳಿಗೆ, ಊರು ಬಿಟ್ಟು ಹೋದ ನಮ್ಮವರಿಗೆ ಶರಣು ಶರಣಾರ್ಥಿ. ನಮ್ಮೂರಿನ ಮೆಹಬೂಬ್ ಶಾಹಿ ಕಲಬುರಗಿ (ಎಂಎಸ್‌ಕೆ) ಮಿಲ್ಲಿನ ಹಳೆ ವಸ್ತು, ಕಾಗದ, ನೆನಪುಗಳನ್ನು ಒಂದು ಕೋಣೆಯಲ್ಲಿ ಕೂಡಿಸಿಡಲು ಹೊರಟಿದ್ದೇವೆ.

ಸೊಲ್ಲಾಪುರದ ಕಡೆಯಿಂದ ಬಂದ ರೈಲು ಕಲಬುರಗಿ ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1884ರಲ್ಲಿ, ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಅವರದೇ ಹೆಸರಿನ ಈ ನೂಲು-ಬಟ್ಟೆ ಗಿರಣಿ ನಮ್ಮೂರಲ್ಲಿ ಎದ್ದಿತು. 1974ರಲ್ಲಿ ಕೇಂದ್ರ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿತು. 1990ರ ದಶಕದಲ್ಲಿ ಬಾಗಿಲು ಮುಚ್ಚಿತು.

ನಡುವೆ ಎರಡನೇ ಮಹಾಯುದ್ಧ ಬಂತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ಮೇಲೆ ಅಲ್ಲಿನ ಬಟ್ಟೆ ಬರುವುದು ನಿಂತಿತು. ಸೈನಿಕರ ಸಮವಸ್ತ್ರ, ಡೇರೆ ಬಟ್ಟೆಯ ಭಾರವೆಲ್ಲ ದೇಶದ ಗಿರಣಿಗಳ ಮೇಲೆ ಬಿತ್ತು. ಬಟ್ಟೆ ಎಷ್ಟು ತುಟ್ಟಿಯಾಯಿತೆಂದರೆ 1943ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಟ್ಟೆ-ನೂಲಿನ ನಿಯಂತ್ರಣ ಆದೇಶವನ್ನೇ ಹೊರಡಿಸಬೇಕಾಯಿತು. ಆ ಕಾಲಕ್ಕೆ ಪಾಳಿ ಮಾಡಿದವರು ತೀರಿಕೊಂಡಿದ್ದಾರೆ. ಅವರ ಹಿಂದೆಯೇ ಗಿರಣಿ ಸೇರಿದ ಮಕ್ಕಳು ಎಪ್ಪತ್ತು, ಎಂಬತ್ತು ದಾಟಿ ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಅಪ್ಪ ಹೇಳಿದ್ದು, ತಾವು ಕಂಡದ್ದು ಎರಡೂ ಅವರ ಬಾಯಲ್ಲಿದೆ.

ನಮ್ಮಲ್ಲಿಗೆ ಬಂದ ವಸ್ತುಗಳಲ್ಲಿ, ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಒಂದು ಕಟ್ಟಿಗೆಯ ಲಾಳಿ ಇದೆ. ಎರಡೂ ತುದಿಗೆ ಲೋಹದ ಮೊನೆ, ಪಕ್ಕದಲ್ಲಿ ತೊಗರಿ ಕಾಳಿನಷ್ಟು ತೂತು. ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಬದಲಿಸಿದಾಗಲೆಲ್ಲ ಆ ತೂತಿಗೆ ಬಾಯಿಟ್ಟು, ಉಸಿರೆಳೆದು ಎಳೆ ಹೊರತೆಗೆಯಬೇಕಿತ್ತು. ಎಳೆಯ ಜೊತೆ ಹತ್ತಿಯ ಧೂಳೂ ಒಳಗಿಳಿಯುತ್ತಿತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ರೋಗ ಹತ್ತಿ ಗಿರಣಿಯವರನ್ನು ಕಾಡುತ್ತಿದ್ದುದು ಇಂಥ ಧೂಳಿನಿಂದ. ಲಾಳಿಯನ್ನು ಬರೀ ಕಪಾಟಿನಲ್ಲಿಟ್ಟರೆ ನೋಡಿದವರಿಗೆ ಇದು ತಿಳಿಯುವುದಿಲ್ಲ. ಹೇಳುವವರ ದನಿಯೂ ಪಕ್ಕದಲ್ಲಿರಬೇಕು.

ಆದ್ದರಿಂದ ಮೊದಲು ಹಿರಿಯರ ಮಾತು ದಾಖಲಿಸುತ್ತೇವೆ. ವಯಸ್ಸು ಕಾಯುವುದಿಲ್ಲ. ಒಬ್ಬರ ಮಾತು ಧ್ವನಿಮುದ್ರಿಸಿ ಬರಹಕ್ಕಿಳಿಸಲು 1,500 ರೂಪಾಯಿ ಬೀಳುತ್ತದೆ. ಶಾಲೆಯೊಂದು ಬಾಡಿಗೆಯಿಲ್ಲದೆ ಕೋಣೆ ಕೊಟ್ಟಿದೆ. ಗಾಜಿನ ಕಪಾಟು, ಧ್ವನಿಮುದ್ರಣ, ಹಳೆ ಕಾಗದಗಳ ಸ್ಕ್ಯಾನಿಂಗ್ ಎಲ್ಲ ಸೇರಿ 3 ಲಕ್ಷ ರೂಪಾಯಿ ಬೇಕು. ಕೋಟೆ, ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿಗೆ ಬಂದವರು ಈ ಊರು ದುಡಿದ ಬಗೆಯನ್ನೂ ನೋಡಿ ಹೋಗಲಿ ಎಂಬುದು ನಮ್ಮ ಆಸೆ.

50 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಕೋಣೆಯ ಬಾಗಿಲಿಗೇ ಅಂಟಿಸುತ್ತೇವೆ. ಹಣ ಕೊಡಲಾಗದವರು ಅಪ್ಪ-ಅಜ್ಜನ ಹಾಜರಿ ಕಾರ್ಡು, ಪಗಾರ ಚೀಟಿ ಇದ್ದರೆ ತನ್ನಿ. ಹಿನ್ನೆಲೆಯಲ್ಲಿ ಗಿರಣಿಯ ಚಿಮಣಿ ಕಾಣುವ ಫೋಟೊ ಮನೆಯ ಆಲ್ಬಮ್ಮಿನಲ್ಲಿದ್ದರೆ ಅದನ್ನೂ ತನ್ನಿ. ಸ್ಕ್ಯಾನ್ ಮಾಡಿ ಅಂದೇ ನಿಮ್ಮ ಕೈಗೆ ಮರಳಿಸುತ್ತೇವೆ.

— ಟ್ರಸ್ಟಿನ ಪರವಾಗಿ, ಗಿರಣಿ ಕಾರ್ಮಿಕರ ಮಕ್ಕಳು