ರಾಡ್‌ಮನ್ ಬಗ್ಗೆ ನೀನು ಅಂದ ಮಾತಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನಿನ್ನ ಬ್ಯಾಸ್ಕೆಟ್‌ಬಾಲ್ ತಂಡದ ಆ ಎತ್ತರದ ಹುಡುಗ ರೀಲ್ಸ್ ಮಾಡೋಕೆ ಹೋಗಿ ಪ್ರಾಕ್ಟೀಸ್ ತಪ್ಪಿಸುತ್ತಿದ್ದಾನೆ, ತಂಡದಿಂದ ತೆಗೆದುಬಿಡ್ತೀನಿ ಅಂತ ಬರೆದಿದ್ದೀಯ. "ಇವನೂ ಡೆನಿಸ್ ರಾಡ್‌ಮನ್ ಥರ ಶೋಕಿ ಮಾಡಿಯೇ ಹಾಳಾಗೋದು" ಅಂತ ಬೇರೆ ಸೇರಿಸಿದ್ದೀಯ. ಹುಡುಗನ ವಿಷಯಕ್ಕೆ ಆಮೇಲೆ ಬರ್ತೀನಿ. ರಾಡ್‌ಮನ್ ಬಗ್ಗೆ ನೀನು ಅಂದಿದ್ದನ್ನ ಮಾತ್ರ ನಾನು ಒಪ್ಪಲ್ಲ.

ಅಮೆರಿಕದ ಆ ಬ್ಯಾಸ್ಕೆಟ್‌ಬಾಲ್ ಆಟಗಾರ ಆಟಕ್ಕೆ ಬಂದಿದ್ದೇ ತಡವಾಗಿ. ಹೈಸ್ಕೂಲಿನಲ್ಲಿ ಆಡಿ ಹೆಸರು ಮಾಡಿದವನಲ್ಲ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯಲ್ಲಿ ಕಸ ಗುಡಿಸುತ್ತಿದ್ದ. ಆ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಗೇಣುದ್ದ ಬೆಳೆದ. ಆಮೇಲೆ ಓಕ್ಲಹೋಮಾದ ಸಣ್ಣ ಕಾಲೇಜಿಗೆ ಸೇರಿ ಆಡಿದ. 1986ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಹೊಸ ಆಟಗಾರರ ಆಯ್ಕೆಯಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ತಂಡ ಎರಡನೇ ಸುತ್ತಿನಲ್ಲಿ ಅವನನ್ನು ಆರಿಸಿಕೊಂಡಾಗ ಅವನಿಗಾಗಲೇ 25.

ಅಲ್ಲಿ ಅವನು ಹಚ್ಚಿಕೊಂಡ ಕೆಲಸ ನೋಡು. ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರೋ ಚೆಂಡನ್ನು ಹಿಡಿಯೋದು, ಮತ್ತೆ ಡಿಫೆನ್ಸ್. ಬೇರೆಯವರು ಚೆಂಡು ರಿಂಗಿಗೆ ಬಡಿಯಲಿ ಅಂತ ಕಾಯುತ್ತಿದ್ದರು. ಇವನು ಚೆಂಡು ಕೈಬಿಡುವಾಗಲೇ ಲೆಕ್ಕ ಹಾಕುತ್ತಿದ್ದ. ಯಾರು ಹೊಡೆದ ಚೆಂಡು ಗಾಳಿಯಲ್ಲಿ ಎಷ್ಟು ತಿರುಗುತ್ತೆ, ಯಾವ ಕೋನದಿಂದ ಬಂದರೆ ಎತ್ತ ಪುಟಿಯುತ್ತೆ, ಎಲ್ಲ ತಲೆಯಲ್ಲಿತ್ತು. ಸರಿರಾತ್ರಿಯಲ್ಲಿ ಗೆಳೆಯರಿಂದ ಅಲ್ಲಿಂದ ಇಲ್ಲಿಂದ ಶೂಟ್ ಮಾಡಿಸಿ ಇದನ್ನೇ ಅಭ್ಯಾಸ ಮಾಡಿದ್ದನಂತೆ. ಹಳೇ ವಿಡಿಯೊ ಹಾಕಿಕೊಂಡು ಅವನ ಕೈ ಮಾತ್ರ ನೋಡು. ಎಷ್ಟೋ ಸಲ ಚೆಂಡನ್ನು ಮೊದಲ ಸಲಕ್ಕೇ ಹಿಡಿಯಲ್ಲ. ಬೆರಳ ತುದಿಯಿಂದ ತಟ್ಟಿ ಗುಂಪಿನಿಂದ ಪಕ್ಕಕ್ಕೆ ತರ್ತಾನೆ. ಕಾಲು ನೆಲಕ್ಕೆ ತಾಗಿದ್ದೇ ಮತ್ತೆ ಹಾರ್ತಾನೆ. ಪಕ್ಕದಲ್ಲಿರೋ ಏಳಡಿ ಆಳು ಇನ್ನೂ ಮೊಣಕಾಲು ಬಗ್ಗಿಸ್ತಾ ಇರ್ತಾನೆ, ಅಷ್ಟರಲ್ಲಿ ಚೆಂಡು ಇವನ ಎದೆ ಹತ್ತಿರ ಇರುತ್ತೆ. 1992ರಿಂದ 1998ರವರೆಗೆ ಸತತ ಏಳು ಸೀಸನ್ ರಿಬೌಂಡಿನಲ್ಲಿ ಎನ್‌ಬಿಎಗೇ ಅವನು ಮೊದಲು. ಅವನ ಎತ್ತರ ಆರಡಿ ಏಳಿಂಚು, ನೆನಪಿಟ್ಟುಕೋ.

ಅಪ್ಪ ಚಿಕ್ಕಂದಿನಲ್ಲೇ ಬಿಟ್ಟುಹೋಗಿದ್ದ. ಡೆಟ್ರಾಯ್ಟ್ ಕೋಚ್ ಚಕ್ ಡೇಲಿಯೇ ಅವನಿಗೆ ಅಪ್ಪನ ಹಾಗಿದ್ದ. 1992ರಲ್ಲಿ ಡೇಲಿ ತಂಡ ಬಿಟ್ಟ. ಮರುವರ್ಷ ಫೆಬ್ರವರಿಯಲ್ಲಿ ಒಂದು ರಾತ್ರಿ ರಾಡ್‌ಮನ್ ಬದುಕೇ ಬೇಡವೆನಿಸಿ, ಬಂದೂಕು ಇಟ್ಟುಕೊಂಡು, ಸ್ಟೇಡಿಯಂ ಹೊರಗೆ ತನ್ನ ಟ್ರಕ್ಕಿನಲ್ಲಿ ಕೂತಿದ್ದ. ಪುಣ್ಯಕ್ಕೆ ನಿದ್ದೆ ಹತ್ತಿತು. ಕೂದಲಿಗೆ ಬಣ್ಣ ಬಂದಿದ್ದು ಅದಾದ ಮೇಲೆ, ಸ್ಯಾನ್ ಆಂಟೋನಿಯೋ ತಂಡಕ್ಕೆ ಹೋದಾಗ. ಗಾಯಕಿ ಮಡೋನಾ ಜೊತೆ ಸುತ್ತಾಟ, ಹಚ್ಚೆ, ಪುಸ್ತಕದ ಪ್ರಚಾರಕ್ಕೆ ಮದುವಣಗಿತ್ತಿ ಗೌನು, ಸಿನಿಮಾ, ಎಲ್ಲ ಒಂದರ ಹಿಂದೊಂದು. ಆದ್ದರಿಂದ ಅದನ್ನೆಲ್ಲ ಬರೀ ಶೋಕಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಹಾಗಂತ ಎಲ್ಲದಕ್ಕೂ ಸೈ ಅನ್ನಲ್ಲ. 1997ರಲ್ಲಿ ಕೋರ್ಟಿನಂಚಲ್ಲಿ ಕೂತಿದ್ದ ಕ್ಯಾಮೆರಾದವನಿಗೆ ಒದ್ದ. 11 ಪಂದ್ಯ ಹೊರಗಿಟ್ಟರು. ಸರಿಯಾಗಿಯೇ ಮಾಡಿದರು.

ಈಗ ನೀನು ಮರೆತಿರೋದನ್ನ ಹೇಳ್ತೀನಿ. 1998ರ ಜನವರಿ, ಆಗ ಅವನಿದ್ದಿದ್ದು ಚಿಕಾಗೋ ಬುಲ್ಸ್ ತಂಡದಲ್ಲಿ. ಸೀಸನ್ ಮಧ್ಯದಲ್ಲೇ ಇವನು ರಜೆ ಕೇಳಿದ. ಕೋಚ್ ಫಿಲ್ ಜಾಕ್ಸನ್ 48 ಗಂಟೆ ಕೊಟ್ಟ. ಇವನು ಲಾಸ್ ವೇಗಸ್‌ಗೆ ಹೋಗಿ ಕುಡಿದು ಕುಣಿದು, ಹೇಳಿದ ದಿನಕ್ಕೆ ಬರಲೇ ಇಲ್ಲ. ಆಗ ತಂಡದ ದೊಡ್ಡ ಸ್ಟಾರ್ ಮೈಕಲ್ ಜೋರ್ಡನ್ ತಾನೇ ಹೋಗಿ ಬಾಗಿಲು ತಟ್ಟಿ, ಹಾಸಿಗೆಯಿಂದ ಎಬ್ಬಿಸಿ ಕರ್ಕೊಂಡು ಬಂದ! ಪ್ರಾಕ್ಟೀಸಿಗೆ ಬಂದವನು ಸಾಲಿನ ಮುಂದೆ ಎಂಥಾ ಓಟ ಕಿತ್ತನೆಂದರೆ, ಅವನನ್ನು ಹಿಡಿಯೋಕೆ ಉಳಿದವರು ಸುತ್ತುಗಟ್ಟಲೆ ಏದುಸಿರು ಬಿಡಬೇಕಾಯ್ತಂತೆ.

ಅದೇ ವರ್ಷ ಜೂನ್‌ನಲ್ಲಿ ಯೂಟಾ ತಂಡದ ವಿರುದ್ಧ ಫೈನಲ್ಸ್. ಮೂರನೇ ಪಂದ್ಯ ಮುಗಿದ ಮರುದಿನವೇ ಪ್ರಾಕ್ಟೀಸ್ ಬಿಟ್ಟು ಕುಸ್ತಿಪಟು ಹಲ್ಕ್ ಹೋಗನ್ ಜೊತೆ ಕುಸ್ತಿ ಶೋಗೆ ಹೋದ. ದಂಡ ಬಿತ್ತು. ನಾಲ್ಕನೇ ಪಂದ್ಯದಲ್ಲಿ 14 ರಿಬೌಂಡ್ ಹಿಡಿದ, ಬುಲ್ಸ್ ಗೆದ್ದಿತು, ಕೊನೆಗೆ ಕಪ್ಪೂ ಬಂತು.

ತಮಾಷೆಯೆಲ್ಲ ಆಗಲೇ ಜೋರಾಗಿತ್ತು, ಆದರೂ ಆಟ ನಿಂತಿರಲಿಲ್ಲ. ಯಾಕೆಂದರೆ ಅವನನ್ನು ಹುಡುಕಿಕೊಂಡು ಹೋಗೋರು ಇದ್ದರು. ಆ ಬೇಸಿಗೆ ಮುಗಿದ ಮೇಲೆ ತಂಡವೇ ಒಡೆಯಿತು. ಜಾಕ್ಸನ್ ಹೋದ, ಜೋರ್ಡನ್ ನಿವೃತ್ತನಾದ, ಇನ್ನೊಬ್ಬ ಸ್ಟಾರ್ ಪಿಪ್ಪೆನ್ ಹ್ಯೂಸ್ಟನ್ ತಂಡ ಸೇರಿದ. ರಾಡ್‌ಮನ್‌ಗೆ ಉಳಿದಿದ್ದು ಕ್ಯಾಮೆರಾಗಳು ಮಾತ್ರ. ನವೆಂಬರಿನಲ್ಲಿ ವೇಗಸ್‌ನಲ್ಲಿ ನಟಿ ಕಾರ್ಮೆನ್ ಎಲೆಕ್ಟ್ರಾ ಜೊತೆ ಮದುವೆ, ಕೆಲವೇ ದಿನಕ್ಕೆ ಬಿರುಕು. 1999ರಲ್ಲಿ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದವರು ಕರೆದರು, 23 ಪಂದ್ಯಕ್ಕೇ ಬಿಟ್ಟುಕಳಿಸಿದರು. 2000ದಲ್ಲಿ ತನ್ನದೇ ಊರಾದ ಡಲ್ಲಾಸ್ ತಂಡಕ್ಕೆ 12 ಪಂದ್ಯ ಆಡಿದ. ಅಲ್ಲಿಗೆ ಎನ್‌ಬಿಎ ಮುಗಿಯಿತು.

ಆ 12 ಪಂದ್ಯಗಳ ಸರಾಸರಿ ಗೊತ್ತಾ? 14.3 ರಿಬೌಂಡ್. 38 ವರ್ಷದವನು! ಕೈ, ಕಣ್ಣು ಹಾಗೇ ಇದ್ದವು ಕಣೋ. ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಆಮೇಲೆ ಅವನು ಟಿವಿ ಶೋಗಳಲ್ಲಿ, ಉತ್ತರ ಕೊರಿಯಾದಲ್ಲಿ ಸುದ್ದಿಯಾದ. ಈಗಿನ ಹುಡುಗರಿಗೆ ಗೊತ್ತಿರೋದು ಆ ರಾಡ್‌ಮನ್ ಮಾತ್ರ.

2011ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಫಿಲ್ ಜಾಕ್ಸನ್ ಪಕ್ಕದಲ್ಲಿ ನಿಂತಿದ್ದ. ಇವನು ಮಾತು ಬಾರದೆ ಅತ್ತ. ತನಗೆ ಆಸರೆಯಾದವರನ್ನು ನೆನೆದ. ಮಕ್ಕಳಿಗೆ ಒಳ್ಳೇ ಅಪ್ಪನಾಗಲಿಲ್ಲ ಅಂತ ಎಲ್ಲರೆದುರು ಹೇಳಿಕೊಂಡ. ಬಿಡುವಾದಾಗ ಆ ಭಾಷಣ ಪೂರ್ತಿ ಕೇಳು.

ಇನ್ನು ನಿನ್ನ ಹುಡುಗ. ಈಗಲೇ ತೆಗೀಬೇಡ. ಮುಂದಿನ ಸಲ ಪ್ರಾಕ್ಟೀಸಿಗೆ ಬರದಿದ್ದರೆ ವಾಟ್ಸಾಪಿನಲ್ಲಿ ಬೈಯೋ ಬದಲು ಅವನ ಮನೆಗೆ ಹೋಗು. ಕ್ಯಾಪ್ಟನ್ನನ್ನೂ ಕರ್ಕೊಂಡು ಹೋಗು, ಓರಗೆಯವನ ಮಾತು ಜಾಸ್ತಿ ನಾಟುತ್ತೆ. ರೀಲ್ಸ್ ಬೇಡ ಅನ್ನಬೇಡ, ಪ್ರಾಕ್ಟೀಸ್ ಮುಗಿಸಿ ಮಾಡ್ಕೋ ಅನ್ನು. ಅದಾದ ಮೇಲೂ ಬರದಿದ್ದರೆ ಆಗ ನಿನ್ನ ಮಾತಿಗೆ ನಾನು ಅಡ್ಡ ಬರಲ್ಲ. ಹೋಗಿ ಬಂದ ಮೇಲೆ ಏನಾಯ್ತು ಅಂತ ತಪ್ಪದೆ ಬರಿ.

ಇಂತಿ ನಿನ್ನ
ಹಳೇ ದೋಸ್ತ